ಬಿಚ್ಚೋಕೆ ಕಬ್ಬಿಣ, ಹಾಕೋಕೆ ಕೈ

ಹಿರೇಗುಂಟನೂರಿನಲ್ಲಿ ಬಸ್ಸು ನಿಲ್ಲುವ ಜಾಗದಿಂದ ಸ್ವಲ್ಪ ಈಚೆಗೆ, ಬೇವಿನ ಮರದ ಕೆಳಗೆ, ಪಾಲಯ್ಯನ ಸೈಕಲ್ ಅಂಗಡಿ. ಅಂಗಡಿಗೆ ಬೋರ್ಡಿಲ್ಲ. ಒಂದು ಕಾಲಕ್ಕೆ ಇತ್ತಂತೆ, ಆಷಾಢದ ಗಾಳಿಗೆ ಬಿದ್ದುಹೋಯಿತು, ಮತ್ತೆ ಬರೆಸುವ ಗೋಜಿಗೆ ಯಾರೂ ಹೋಗಲಿಲ್ಲ. ಬೋರ್ಡು ಬೇಕಾದದ್ದು ಹೊಸಬರಿಗೆ. ಊರವರಿಗೆ ಬಾಗಿಲ ಎದುರಿನ ಚಪ್ಪಡಿ ಕಲ್ಲೇ ಗುರುತು. ಸೈಕಲ್ಲು ಕೊಟ್ಟವರು ಕೆಲಸ ಮುಗಿಯುವ ತನಕ ಕೂರುವುದು ಅದರ ಮೇಲೆ. ಗಿರಾಕಿಗಳು ಕೂತು ಕೂತು ಕಲ್ಲು ನುಣ್ಣಗಾಗಿದೆ. ಆದರೆ ಅಂಗಡಿ ಇಟ್ಟಂದಿನಿಂದ ಪಾಲಯ್ಯ ಮಾತ್ರ ಒಂದು ಸಲವೂ ಅದರ ಮೇಲೆ ಕೂತವನಲ್ಲ. ಗಿರಾಕಿಯ ಜಾಗದಲ್ಲಿ ಮೇಸ್ತ್ರಿ ಕೂತರೆ ಅಂಗಡಿಗೆ ಏನು ಮರ್ಯಾದೆ ಎನ್ನುವುದು ಅವನ ಮಾತು. ಕೆಲಸವಿಲ್ಲದಾಗಲೂ ಒಳಗೆ ಗೋಣಿಚೀಲದ ಮೇಲೆಯೇ ಕುಕ್ಕರಗಾಲಲ್ಲಿ ಕೂತಿರುತ್ತಿದ್ದ.

ಆ ಅಂಗಡಿಗೆ ಒಂದು ಕಾನೂನಿತ್ತು. ಟೈರು ಬಿಚ್ಚುವಾಗ ಕಬ್ಬಿಣದ ಪಟ್ಟಿ ಹಾಕಿ ಮೀಟಬಹುದು, ತಕರಾರಿಲ್ಲ. ಹಾಕುವಾಗ ಮಾತ್ರ ಕಬ್ಬಿಣ ಮುಟ್ಟಕೂಡದು. ಬರಿಗೈ, ಹೆಬ್ಬೆರಳು, ಅಷ್ಟೇ. ‘ಬಿಚ್ಚೋಕೆ ಕಬ್ಬಿಣ, ಹಾಕೋಕೆ ಕೈ’ ಎಂದು ಪಾಲಯ್ಯ ಹೇಳಿ ಹೇಳಿ ಅದು ಊರಿನ ಮಾತೇ ಆಗಿಹೋಗಿತ್ತು. ಸಂಬಂಧ ಮುರಿಯುವ ಪಂಚಾಯಿತಿಯಲ್ಲೂ ಯಾರಾದರೂ ಹಿರಿಯರು ಅದನ್ನು ಅಂದುಬಿಡುತ್ತಿದ್ದರು. ಕಾನೂನಿಗೆ ಕಾರಣವೂ ಇತ್ತೆನ್ನಿ. ಪಟ್ಟಿ ತೂರಿಸಿ ಟೈರನ್ನು ರಿಮ್ಮಿಗೆ ಏರಿಸಿದರೆ ನಡುವೆ ಟ್ಯೂಬು ಸಿಕ್ಕಿ ಕಚ್ಚಿಕೊಳ್ಳುತ್ತದೆ. ಗಿರಾಕಿ ಮನೆ ಸೇರುವಷ್ಟರಲ್ಲಿ ಗಾಳಿ ಪುಸ್ ಎಂದಿರುತ್ತದೆ. ಬೇರೆ ಕಡೆ ಇದು ನಡೆದೇ ನಡೆಯುತ್ತದೆ, ಎರಡನೇ ಪಂಕ್ಚರಿನ ಕೂಲಿಯೂ ಅವರಿಗೇ ಸಿಗುತ್ತದೆ. ಪಾಲಯ್ಯನ ಕೈಯಿಂದ ಹೋದ ಚಕ್ರ ಹಾಗೆ ಮರಳಿ ಬಂದದ್ದಿಲ್ಲ. ಅವನ ಹೆಬ್ಬೆರಳುಗಳೂ ಅಂಥವೇ, ಒನಕೆಯ ತುದಿ ಮುರಿದು ಅಂಟಿಸಿದ ಹಾಗಿದ್ದವು. ಚಕ್ರವನ್ನು ತೊಡೆಗೆ ಒತ್ತಿ, ಉಸಿರು ಬಿಗಿಹಿಡಿದು, ಎರಡು ಹೆಬ್ಬೆರಳಲ್ಲಿ ನೂಕಿದನೆಂದರೆ ಟೈರು ಮರುಮಾತಿಲ್ಲದೆ ಒಳಗೆ ಕೂರುತ್ತಿತ್ತು.

ನಾನು ಹೇಳಹೊರಟಿರುವುದು ಪಾಲಯ್ಯನ ಕಥೆಯಲ್ಲ, ಅವನ ಸೊಸೆ ಏಕನಾಥಮ್ಮನದು. ಆದರೆ ಮಾವನನ್ನು ಬಿಟ್ಟು ಸೊಸೆಯ ಕಥೆ ಹೇಳುವುದೆಂದರೆ ರಿಮ್ಮಿಲ್ಲದೆ ಟೈರಿಗೆ ಗಾಳಿ ತುಂಬಿದ ಹಾಗೆ. ಅದಕ್ಕೇ ಇಷ್ಟು ಪೀಠಿಕೆ.

ಏಕನಾಥಮ್ಮನ ತವರು ಧರ್ಮಪುರದ ಕಡೆ. ಅರ್ಧ ಮಾತು ತೆಲುಗು, ಅರ್ಧ ಕನ್ನಡ, ಹೊಲದ ತುಂಬ ಶೇಂಗಾ. ಅವರದು ಕಂಬಳಿ ನೇಯುವ ಮನೆ. ಹುಡುಗಿಯಾಗಿದ್ದಾಗ ಅವಳ ಬೆಳಗು ಶುರುವಾಗುತ್ತಿದ್ದದ್ದೇ ಹುಣಸೆ ಬೀಜದ ಗಂಜಿಯಿಂದ. ಬೀಜ ಹುರಿದು, ಸಿಪ್ಪೆ ತೆಗೆದು, ಪುಡಿ ಮಾಡಿ, ನೀರಲ್ಲಿ ಕುದಿಸಿದರೆ ಗಂಜಿ. ಬಯಲಲ್ಲಿ ಉದ್ದಕ್ಕೆ ಹಾಸಿ ಕಟ್ಟಿದ ಉಣ್ಣೆಯ ನೂಲಿಗೆ ಅದನ್ನು ಬಳಿಯಬೇಕು. ಆಗಲೇ ಎಳೆ ಗಟ್ಟಿಯಾಗುವುದು, ಕಂಬಳಿ ಹಲಗೆಯ ಹಾಗೆ ನಿಲ್ಲುವುದು. ಹಾಸಿದ ನೂಲು ಒಂದು ಕಡೆ ಬಿಗಿದುಕೊಂಡರೆ ಹುಡುಗಿ ಅಲ್ಲೇ ನಿಂತು ಜಗ್ಗುತ್ತಿದ್ದಳು. ಅಜ್ಜಿ ಬಂದು ಕೈಮೇಲೆ ಒಂದು ಬಿಡುತ್ತಿತ್ತು. “ಬಿಗಿ ಬಂದ ಕಡೆ ಜಗ್ಗಬ್ಯಾಡ ಕೂಸೇ. ಸಡಿಲ ಆ ತುದೀಲಿ ಐತೆ. ಅಲ್ಲಿಂದ ಮೆಲ್ಲಗ ಕರ್ಕಂಡು ಬಾ” ಅನ್ನುತ್ತಿತ್ತು. ಅಜ್ಜಿಯ ಏಟು ನೆನಪಿನಲ್ಲಿ ಉಳಿಯಿತು, ಮಾತು ಮರೆತುಹೋಯಿತು. ಮಕ್ಕಳ ಹಣೆಬರಹವೇ ಅಷ್ಟು.

ಹಿರೇಗುಂಟನೂರಿಗೆ ಸೊಸೆಯಾಗಿ ಬಂದಾಗ ಅವಳಿಗೆ ಸೈಕಲ್ಲು ಹೊಡೆಯಲೂ ಬರುತ್ತಿರಲಿಲ್ಲ. ಗಂಡ ಬೀರೇಶ್‌ಗೆ ಗ್ರೀಸಿನ ವಾಸನೆ ಕಂಡರೆ ಆಗದು. ಅವನ ಜೀವವೆಲ್ಲ ಕುರಿಯಲ್ಲಿ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಮಂದೆ ಹೊಡೆದುಕೊಂಡು ಹೋದರೆ ಸಂಜೆಗೇ ಬರುವುದು. ಮನೆಯಲ್ಲಿ ಅತ್ತೆ ಇಲ್ಲ. ಮಾವನಿಗೆ ಮಧ್ಯಾಹ್ನದ ರೊಟ್ಟಿ ತಂದುಕೊಡಲು ಅಂಗಡಿಗೆ ಬರುತ್ತಿದ್ದವಳು, ಅವನು ಉಣ್ಣುವ ತನಕ ಸುಮ್ಮನೆ ಕೂರಲಾರದೆ ಒಂದು ದಿನ ಪಂಪು ಹಿಡಿದು ಯಾರದೋ ಸೈಕಲ್ಲಿಗೆ ಗಾಳಿ ಹೊಡೆದಳು. ಮರುದಿನ ಟ್ಯೂಬನ್ನು ನೀರಿನ ಬಾಣಲೆಯಲ್ಲಿ ಅದ್ದಿ ತೂತು ಹುಡುಕಿದಳು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ ಎಂದು ಊರಿನವರು ನಕ್ಕರು. ಅವಳು ಗೋಣಿ ಕೆಳಗಿಡಲೇ ಇಲ್ಲ. ಒಂದೆರಡು ವರ್ಷದಲ್ಲಿ ಕಡ್ಡಿ ಬಿಗಿದು ರಿಮ್ಮಿನ ಬೆಂಡು ತೆಗೆಯುವುದನ್ನೂ ಕಲಿತಳು. ಪಾಲಯ್ಯ ಕಲಿಸಿದನೆಂದು ಹೇಳಲಾರೆ. ಬೇಡವೆನ್ನಲಿಲ್ಲ, ಅಷ್ಟೇ.

ಟೈರು ಹಾಕುವುದು ಮಾತ್ರ ಅವನದೇ. ಸೊಸೆ ಪಂಕ್ಚರ್ ಹಚ್ಚಿ, ಟ್ಯೂಬು ಒಳಗಿಟ್ಟು, ಚಕ್ರವನ್ನು ಅವನ ಮುಂದೆ ತಂದಿಡಬೇಕು. ಅವನು ಅಂಗೈ ಒರೆಸಿಕೊಂಡು, ಎಲ್ಲರೂ ನೋಡುತ್ತಿರುವಂತೆ, ದೇವರ ಪೂಜೆಗೆ ಕೂತ ಹಾಗೆ ಕೂತು ಟೈರು ಏರಿಸಬೇಕು. ಗಾಳಿ ಹೊಡೆಯುವುದು ಮತ್ತೆ ಸೊಸೆಯ ಪಾಲಿಗೆ. ಏಕನಾಥಮ್ಮನಿಗೆ ಹೊಟ್ಟೆಯೊಳಗೆ ಒಂದೇ ಆಸೆ ಬೆಳೆಯುತ್ತಿತ್ತು: ಈ ಅಂಗಡಿಯಲ್ಲಿ ಒಂದು ಟೈರು ತನ್ನ ಕೈಯಿಂದ ಕೂರಬೇಕು, ಅದನ್ನು ಮಾವ ಕಣ್ಣಾರೆ ನೋಡಬೇಕು.

ಆಸೆಗೆ ಅವಕಾಶವೂ ಬಂತು, ಅವಾಂತರವೂ ಬಂತು. ಪಾಲಯ್ಯ ಸಾಮಾನು ತರಲು ದುರ್ಗಕ್ಕೆ ಹೋಗಿದ್ದ ದಿನ ಹಾಲಿನ ಎತ್ತಪ್ಪ ಹೊಸ ಟೈರು ಕೊರಳಿಗೆ ಹಾಕಿಕೊಂಡು ಬಂದ. ಡೈರಿಗೆ ಹೊತ್ತಾಯಿತು, ಈಗಲೇ ಬೇಕು ಎಂದು ಕುಣಿದ. ಏಕನಾಥಮ್ಮ ಹೆಬ್ಬೆರಳಲ್ಲಿ ನೂಕಿದಳು, ಅಂಗೈಯಲ್ಲಿ ನೂಕಿದಳು, ಕೊನೆಯ ಒಂದು ಗೇಣು ಏರಲೇ ಇಲ್ಲ. ಸೋಪಿನ ನೀರು ಹಚ್ಚಬೇಕೆಂದು ಬೇರೆ ಯಾರಿಗಾದರೂ ಹೊಳೆಯುತ್ತಿತ್ತು. ಕಂಬಳಿ ಮನೆಯ ಮಗಳಿಗೆ ಹೊಳೆದದ್ದೇ ಬೇರೆ. ಅಂದು ಬೆಳಿಗ್ಗೆಯಷ್ಟೇ ಗಂಡನ ಹೊಸ ಕಂಬಳಿಗೆಂದು ಕುದಿಸಿಟ್ಟ ಹುಣಸೆ ಬೀಜದ ಗಂಜಿ ಮನೆಯಲ್ಲಿತ್ತು. ಓಡಿಹೋಗಿ ಒಂದು ಚೊಂಬು ತಂದಳು, ಟೈರಿನ ಅಂಚಿಗೆ ಸುತ್ತಲೂ ಬಳಿದಳು. ಬೆಣ್ಣೆಯಲ್ಲಿ ಕೂದಲು ಜಾರಿದ ಹಾಗೆ ಟೈರು ಒಳಗೆ ಜಾರಿ ಕೂತಿತು.

ಎತ್ತಪ್ಪ ಹಾಲಿನ ಕ್ಯಾನು ಕಟ್ಟಿಕೊಂಡು ಹೋದವನು ಡೈರಿಯಿಂದ ಹಿಡಿದು ಊರ ಕೊನೆಯ ಮನೆಯ ತನಕ ಸುದ್ದಿ ಹಂಚಿದ. ಸಂಜೆ ಪಾಲಯ್ಯ ಬಂದು, ಸೈಕಲ್ಲು ತರಿಸಿ, ಟೈರಿನ ಸುತ್ತ ಬೆರಳಾಡಿಸಿ ನೋಡಿದ. ಎಲ್ಲೂ ಟ್ಯೂಬು ಕಚ್ಚಿರಲಿಲ್ಲ. “ಹ್ಞೂಂ” ಎಂದ. ಆ ಒಂದು ಹ್ಞೂಂಕಾರಕ್ಕೆ ಏಕನಾಥಮ್ಮ ಹದಿನೈದು ದಿನ ನೆಲದ ಮೇಲೆ ನಡೆಯಲಿಲ್ಲ.

ಆಮೇಲೆ ಎತ್ತಪ್ಪನ ಸೈಕಲ್ಲಿಗೆ ಜಾಲಿ ಮುಳ್ಳು ಚುಚ್ಚಿತು. ಹುಣಸೆ ಗಂಜಿ ಹಸಿ ಇರುವಾಗ ಜಾರುತ್ತದೆ, ಒಣಗಿದರೆ ಕಚ್ಚಿ ಹಿಡಿಯುತ್ತದೆ. ಇದು ಕಂಬಳಿ ಮನೆಯ ಕೂಸಿಗೂ ಗೊತ್ತು. ಏಕನಾಥಮ್ಮನಿಗೂ ಗೊತ್ತಿತ್ತು, ಆ ಗಡಿಬಿಡಿಯಲ್ಲಿ ನೆನಪಾಗಲಿಲ್ಲ. ಪಾಲಯ್ಯ ಟೈರು ಬಿಚ್ಚಲು ಪಟ್ಟಿ ಹಾಕಿದ, ಬರಲಿಲ್ಲ. ಸುತ್ತಿಗೆಯಲ್ಲಿ ಬಡಿದ, ಬರಲಿಲ್ಲ. ಮೂರು ಜನ ಹಿಡಿದು ಜಗ್ಗಿದಾಗ ಹೊಸ ಟೈರು ಪರ್ರನೆ ಹರಿದು ಅರ್ಧ ಕೈಗೆ ಬಂತು, ಅರ್ಧ ರಿಮ್ಮಿನಲ್ಲೇ ಉಳಿಯಿತು. ಗಿರಾಕಿ ಕಲ್ಲಿನ ಮೇಲೆ ಕೂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಪಾಲಯ್ಯ ನಗಲಿಲ್ಲ.

“ಏನು ಹಚ್ಚಿದ್ದೆ?” ಎಂದು ಕೇಳಿದ.

ಅವಳು ಹೇಳಿದಳು.

“ಇದು ಕಂಬಳಿ ಅಲ್ಲ ಕಣವ್ವ, ಚಕ್ರ” ಎಂದ. “ಇನ್ನು ಮ್ಯಾಲೆ ಟೈರಿಗೆ ಕೈ ಹಾಕಬ್ಯಾಡ.”

ಅಂದಿನಿಂದ ಊರಿನ ಬಾಯಲ್ಲಿ ಅವಳು ಗಂಜಿ ಏಕಮ್ಮ. ಎದುರಿಗೆ ಯಾರೂ ಅನ್ನುತ್ತಿರಲಿಲ್ಲ, ಬೆನ್ನ ಹಿಂದೆ ಬಿಡುತ್ತಲೂ ಇರಲಿಲ್ಲ. ಅವಳು ಅತ್ತದ್ದು ಒಂದೇ ದಿನ. ಆಮೇಲೆ ಅವಳಿಗೆ ಬಂದದ್ದು ಸಿಟ್ಟು, ಅದು ಮಾವನ ಮೇಲಲ್ಲ, ಆ ಕೊನೆಯ ಗೇಣಿನ ಮೇಲೆ. ಅಂಗಡಿಯಲ್ಲಿ ಮುಟ್ಟಬೇಡ ಅಂದಿದ್ದ ತಾನೇ? ಹಿತ್ತಲಿನ ಮಾತು ಎತ್ತಿರಲಿಲ್ಲ.

ಮನೆಯ ಹಿಂದೆ ಕುರಿ ಕೂಡುವ ರೊಪ್ಪ. ಮಂದೆ ಮೇಯಲು ಹೋದಮೇಲೆ ಅಲ್ಲಿ ಹುಟ್ಟಿದ ಮರಿಗಳು ಬಿಟ್ಟರೆ ಯಾರಿಲ್ಲ. ಶಾಲೆ ಹುಡುಗರು ಓಡಿಸುವಷ್ಟು ಓಡಿಸಿ ಬಿಸಾಕಿ ಹೋದ ಒಂದು ಚಕ್ರವನ್ನು ಅವಳು ಅಲ್ಲಿಗೆ ಒಯ್ದಳು. ಹೊಸ ನಮೂನೆಯ ಚಕ್ರ, ಟೈರೂ ಬಲು ಬಿಗಿ. ಪುರುಸೊತ್ತು ಸಿಕ್ಕಾಗಲೆಲ್ಲ ಬಿಚ್ಚುವುದು, ಹಾಕುವುದು. ಮರಿಗಳು ಸುತ್ತ ನಿಂತು ನೋಡುತ್ತಿದ್ದವು. ಉಗುರು ಮುರಿದವು, ಅಂಗೈ ಬೊಬ್ಬೆ ಎದ್ದು ಒಡೆದು ಗಟ್ಟಿಯಾಯಿತು. ಕೊನೆಯ ಗೇಣು ಮಾತ್ರ ಬಾಯಿ ಕಳೆದುಕೊಂಡೇ ಇರುತ್ತಿತ್ತು.

ಒಂದು ಮಧ್ಯಾಹ್ನ ಬೇಸತ್ತು, ಚಕ್ರವನ್ನು ತೊಡೆಯ ಮೇಲೆ ಹಾಗೇ ಇಟ್ಟುಕೊಂಡು ಕೂತಿದ್ದಳು. ಬೆರಳು ಸುಮ್ಮನೆ ರಿಮ್ಮಿನ ಒಳಮೈ ಮೇಲೆ ಓಡಾಡುತ್ತಿತ್ತು. ಹಳೆಯ ಸೈಕಲ್ಲಿನ ರಿಮ್ಮಿನಲ್ಲಿ ನಡುವಿನ ತಗ್ಗು ಅಷ್ಟಕ್ಕಷ್ಟೆ. ಇದರಲ್ಲಿ ಕಾಲುವೆಯ ಹಾಗೆ ಆಳವಾಗಿತ್ತು. ಟೈರಿನ ಅಂಚನ್ನು ಆ ತಗ್ಗಿಗೆ ಇಳಿಸಿದರೆ ಸುತ್ತಳತೆ ಕಡಿಮೆಯಾಗುತ್ತದೆ, ಉಳಿದ ಅಂಚಿಗೆ ಒಂದು ಚೂರು ಸಡಿಲ ಸಿಗುತ್ತದೆ. ಅಜ್ಜಿಯ ಏಟು ಎಷ್ಟೋ ವರ್ಷದ ಮೇಲೆ ಕೈಮೇಲೆ ಬಿದ್ದ ಹಾಗಾಯಿತು, ಈ ಸಲ ಮಾತಿನ ಸಮೇತ. ಬಿಗಿ ಇರುವುದು ಇಲ್ಲಿ, ಸಡಿಲ ಇರುವುದು ಆ ತುದಿಯಲ್ಲಿ. ಅವಳು ಇಷ್ಟು ದಿನ ಬಿಗಿಯ ಜೊತೆಗೇ ಗುದ್ದಾಡುತ್ತಿದ್ದಳು. ಏಕನಾಥಮ್ಮ ಎದ್ದು, ಟೈರನ್ನು ಪೂರ್ತಿ ಕಿತ್ತು, ಮೊದಲಿಂದ ಶುರು ಮಾಡಿದಳು. ಅದು ಕೂತಾಗ ಮೆಲ್ಲನೆ ಟಪ್ ಎಂದಿತು. ಒಂದು ಮರಿ ಬೆದರಿ ಓಡಿತು. ಅವಳು ನಕ್ಕದ್ದನ್ನು ನೋಡಿದವರು ಬೇರೆ ಯಾರೂ ಇರಲಿಲ್ಲ.

ಮಾವನಿಗೆ ಅವಳು ಹೇಳಲಿಲ್ಲ. ಹೇಳಿದ್ದರೆ ಅವನು ಕೇಳುತ್ತಿದ್ದನೇ? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಗಂಡಸು. ಕರೆದರೆ ಮಾತ್ರ ಕೈ ಹಾಕಬೇಕು, ಕರೆಯದೆ ಹೋಗಿ ಇನ್ನೊಮ್ಮೆ ನಗೆಪಾಟಲಾಗಬಾರದು ಎಂದು ಅವಳೂ ಹಟ ಹಿಡಿದಳು. ಮಾವನಿಗೆ ತಕ್ಕ ಸೊಸೆ.

ವರ್ಷಗಳು ಹೋದವು. ಪಾಲಯ್ಯನ ತಲೆ ಪೂರ್ತಿ ಬೆಳ್ಳಗಾಯಿತು. ಹೆಬ್ಬೆರಳಿನ ಬುಡದಲ್ಲಿ ಗಂಟು ಕಟ್ಟಿತು. ಬೆಳಿಗ್ಗೆ ಚಹಾ ಲೋಟ ಹಿಡಿಯುವಾಗ ಕೈ ಅದುರುವುದನ್ನು ಏಕನಾಥಮ್ಮ ನೋಡಿಯೂ ನೋಡದವಳಂತೆ ಆಚೆ ತಿರುಗುತ್ತಿದ್ದಳು. ಹಳೆಯ ಸೈಕಲ್ಲುಗಳ ಸಡಿಲ ಟೈರಿಗೆ ಅವನ ಕೈ ಇನ್ನೂ ಸಾಲುತ್ತಿತ್ತು. ಹೊಸವು ಬಂದರೆ ನಾಳೆ ಬರ್ರಿ ಎನ್ನತೊಡಗಿದ. ನಾಳೆ ನಾಡಿದ್ದಾಗುತ್ತಿತ್ತು.

ಹಾಗಿರುವಾಗ ರಂಗೇಶ್ ಬಂದ. ದುರ್ಗದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಹುಡುಗ, ಮಾತು ಮೆತ್ತಗೆ, ಕೆಟ್ಟವನಲ್ಲ. ಬಸ್ಸು ನಿಲ್ಲುವ ಜಾಗ ಚೆನ್ನಾಗಿದೆ, ಅಂಗಡಿಯನ್ನು ತನಗೆ ಬಿಟ್ಟುಕೊಡಿ ಎಂದು ಕೇಳಿದ. ಪಾಲಯ್ಯ ನಾಲ್ಕು ದಿನ ಯೋಚಿಸಿ ಆಗಲಿ ಎಂದುಬಿಟ್ಟ.

ಆ ಸಂಜೆ ಊಟಕ್ಕೆ ಬಡಿಸುತ್ತ ಏಕನಾಥಮ್ಮ ಕೇಳಿದಳು. ಅವಳ ದನಿ ಎಂದಿಗಿಂತ ಮೆಲ್ಲಗಿತ್ತು.

“ಯಾಕೆ ಮಾವ? ನಾನಿಲ್ವಾ ಅಂಗಡ್ಯಾಗೆ?”

“ಐದೀಯ ಕಣವ್ವ. ಟೈರು ಹಾಕೋರು ಯಾರು?” ಎಂದ ಪಾಲಯ್ಯ, ಮುದ್ದೆಯಿಂದ ಕಣ್ಣೆತ್ತದೆ. “ಕಬ್ಬಿಣ ಹಾಕಿ ಮೀಟೋ ಅಂಗಡಿ ಇಕ್ಕೋದಕ್ಕಿಂತ ಬಾಗಿಲು ಹಾಕೋದು ವಾಸಿ.”

ಬೀರೇಶ್ ಅಪ್ಪನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಕುರಿಗೆ ನೀರಿಡಬೇಕೆಂದು ಎದ್ದು ಹೋದ. ಏಕನಾಥಮ್ಮ ಅರ್ಧ ಆಯುಸ್ಸು ಆ ಬೇವಿನ ಮರದ ಕೆಳಗೆ ಸವೆಸಿದ್ದಳು. ಊರಿನ ಪ್ರತಿ ಸೈಕಲ್ಲಿನ ಕಿರುಗುಟ್ಟುವ ಸದ್ದು ಅವಳಿಗೆ ಗೊತ್ತು, ಸದ್ದು ಕೇಳಿಯೇ ಯಾರು ಬಂದರೆಂದು ಹೇಳಬಲ್ಲಳು. ಅಂಗಡಿ ಹೋದರೆ ಅವಳು ಏನು? ರೊಟ್ಟಿ ತಟ್ಟುವ, ಗಂಜಿ ಬಳಿದು ಟೈರು ಹರಿಸಿದ ಏಕಮ್ಮ. ಊರು ಅವಳನ್ನು ಹಾಗೆಯೇ ನೆನಪಿಟ್ಟುಕೊಳ್ಳುತ್ತಿತ್ತು. ಅದನ್ನು ಅವಳಿಂದ ತಡೆದುಕೊಳ್ಳಲಾಗಲಿಲ್ಲ. ಆದರೂ ‘ನನಗೆ ಬರುತ್ತೆ ಮಾವ’ ಎನ್ನದೆ, ಬಡಿಸಿದ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಯುಗಾದಿ ಕಳೆದ ಶುಕ್ರವಾರ ರಂಗೇಶ್ ಗೋಡೆ ಅಳೆಯಲು ಟೇಪು ಹಿಡಿದು ಬಂದ. ಅವನು ಹಿಂದಿನ ಗೋಡೆಗೆ ಟೇಪು ಹಿಡಿಯುವಷ್ಟರಲ್ಲಿ ಎದುರಿಗೆ ಪಿಕಪ್ ವ್ಯಾನೊಂದು ನಿಂತಿತು. ಇಳಿದವರು ಭೀಮಸಮುದ್ರದ ಪರಮೇಶ್ವರಪ್ಪ, ಅಡಿಕೆ ವ್ಯಾಪಾರದವರು. ವ್ಯಾನಿನ ಹಿಂದಿನಿಂದ ಗೇರಿನ ಸೈಕಲ್ಲೊಂದನ್ನು ಇಳಿಸಿಕೊಂಡರು. ಸಕ್ಕರೆ ಕಾಯಿಲೆಗೆ ಡಾಕ್ಟರು ಸೈಕಲ್ಲು ಹೊಡೆಯಲು ಹೇಳಿದ್ದಾರಂತೆ, ಅವರಿಗೂ ಅದರ ಹುಚ್ಚು ಹತ್ತಿದೆಯಂತೆ. ಹಿಂದಿನ ಚಕ್ರಕ್ಕೆ ಹೊಸ ಟೈರು ತರಿಸಿದ್ದರು. ಅದು ಎಷ್ಟು ಬಿಗಿಯೆಂದರೆ ತೋರಿಸಿದ ಕಡೆಯಲ್ಲೆಲ್ಲ ಪಟ್ಟಿ ಹಾಕಿ ಮೀಟಿ ಟ್ಯೂಬು ಕಚ್ಚಿಸಿಬಿಟ್ಟಿದ್ದರು. ಉಳಿದಿರುವುದು ಇದೊಂದೇ ಟ್ಯೂಬು ಎಂದು ಜೇಬಿನಿಂದ ತೆಗೆದು ಕೊಟ್ಟರು.

“ಹಿರೇಗುಂಟನೂರಿನಾಗೆ ಒಬ್ರು ಐದಾರೆ, ಕಬ್ಬಿಣ ಮುಟ್ಟಂಗಿಲ್ಲ ಅಂದ್ರು ಯಜಮಾನ್ರೆ. ಅದಕ್ಕೇ ಬಂದೆ” ಎಂದು ಕಲ್ಲಿನ ಮೇಲೆ ಕೂತರು.

ಹೀಗೆ ಹೆಸರು ಹಿಡಿದು ದೂರದಿಂದ ಬಂದವರಿಗೆ ನಾಳೆ ಬರ್ರಿ ಎನ್ನುವುದು ಹೇಗೆ? ಪಾಲಯ್ಯ ಅಂಗೈ ಒರೆಸಿಕೊಂಡು ಕೂತ. ತನ್ನ ಯಾವತ್ತಿನ ಪದ್ಧತಿಯಂತೆ ವಾಲ್ವಿನ ಹತ್ತಿರ ಶುರು ಮಾಡಿದ. ಅರ್ಧ ಸುಲಭವಾಗಿ ಹೋಯಿತು, ಮುಕ್ಕಾಲು ಕಷ್ಟದಿಂದ ಹೋಯಿತು, ಎದುರು ತುದಿಯ ಕೊನೆಯ ಗೇಣು ನಿಂತುಬಿಟ್ಟಿತು. ಹೆಬ್ಬೆರಳಿಟ್ಟು ನೂಕಿದ. ಮೊಣಕಾಲು ಕೊಟ್ಟು ನೂಕಿದ. ಒಂದು ಕಡೆ ಬೆರಳಗಲ ಏರಿದರೆ ಇನ್ನೊಂದು ಕಡೆ ಅಷ್ಟೇ ಜಾರಿ ಹೊರಗೆ ಬರುತ್ತಿತ್ತು. ರಿಮ್ಮೇ ಸೊಟ್ಟ ಇರಬೇಕು ಎಂದ ಒಮ್ಮೆ. ಕುಣಿಯಲಾರದವಳು ನೆಲ ಡೊಂಕೆಂದ ಗಾದೆ ಪಾಲಯ್ಯನಿಗೇ ಅನ್ವಯಿಸುವ ದಿನ ಬರುತ್ತದೆಂದು ಯಾರು ಎಣಿಸಿದ್ದರು? ಹಣೆಯ ಬೆವರು ಟೈರಿನ ಮೇಲೆ ತೊಟ್ಟಿಕ್ಕಿತು. ಏಕನಾಥಮ್ಮ ಪಂಪು ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಅವಳ ಬೆರಳುಗಳು ತಾವಾಗಿಯೇ ಆಡುತ್ತಿದ್ದವು.

ಪರಮೇಶ್ವರಪ್ಪನವರಿಗೆ ಫೋನು ಬಂದು, ಮಾತಾಡುತ್ತ ಬೇವಿನ ಮರದಾಚೆ ಹೋದರು. ಆಗ ರಂಗೇಶ್ ಟೇಪು ಮಡಚಿಕೊಂಡು ಹತ್ತಿರ ಬಂದ. ಅವನಿಗೆ ನಿಜವಾಗಿಯೂ ಅಯ್ಯೋ ಪಾಪ ಅನಿಸಿತ್ತು.

“ಅಜ್ಜ, ಪಟ್ಟಿ ಹಾಕ್ಬಿಡ್ರಿ. ಅವ್ರು ಆ ಕಡೆ ಐದಾರೆ. ಯಾರು ನೋಡ್ತಾರೆ?”

ಪಾಲಯ್ಯ ಆ ಬಾಯಿ ಕಳೆದ ಗೇಣನ್ನೇ ನೋಡಿದ. ಆಮೇಲೆ ಅವನ ಬಲಗೈ ನಿಧಾನಕ್ಕೆ ತಗಡಿನ ಪೆಟ್ಟಿಗೆಯ ಕಡೆ ಹೋಯಿತು. ಪೆಟ್ಟಿಗೆಯಲ್ಲಿ ಕಬ್ಬಿಣದ ಪಟ್ಟಿಗಳಿದ್ದವು.

ಏಕನಾಥಮ್ಮ ಅದನ್ನು ನೋಡಿದಳು. ಈ ಕೈಯನ್ನು ಅವಳು ಎಷ್ಟೋ ವರ್ಷದಿಂದ ನೋಡುತ್ತ ಬಂದಿದ್ದಳು. ಬೈದಾಗ ನೋಡಿದ್ದಳು, ಬೆರಳೆತ್ತಿ ಬೇಡವೆಂದಾಗ ನೋಡಿದ್ದಳು, ಹೀಗೆ ಕಳ್ಳನ ಕೈಯಂತೆ ಹೋದದ್ದನ್ನು ನೋಡಿರಲಿಲ್ಲ. ಹಟ, ಸಿಟ್ಟು, ಕರೆಯಲಿ ಎನ್ನುವ ಬಿಂಕ ಎಲ್ಲ ಆ ಗಳಿಗೆಯಲ್ಲಿ ಅವಳ ಮೈಯಿಂದ ಇಳಿದುಹೋಯಿತು. ಅವಳಿಗೆ ಬೇಕಾಗಿದ್ದದ್ದು ಒಂದೇ. ಮಾವನ ಕೈ ಆ ಪೆಟ್ಟಿಗೆಯೊಳಗೆ ಹೋಗಬಾರದು. ಪಂಪು ಕೆಳಗೆ ಹಾಕಿ, ಕೂತು, ಪೆಟ್ಟಿಗೆಯ ಮುಚ್ಚಳದ ಮೇಲೆ ಅಂಗೈ ಇಟ್ಟಳು.

“ಕಬ್ಬಿಣ ಬ್ಯಾಡ ಮಾವ” ಎಂದಳು. “ನಿಮ್ಮ ಅಂಗಡ್ಯಾಗೆ ಇವತ್ತಿನ ತಂಕ ಮುಟ್ಟಿಲ್ಲ, ಇವತ್ತೂ ಬ್ಯಾಡ. ಚಕ್ರ ಇತ್ತ ಕೊಡ್ರಿ.”

ಪಾಲಯ್ಯ ತಲೆ ಎತ್ತಿದ. ಕಣ್ಣು ಕೆಂಪಾಗಿದ್ದವು.

“ಗಂಜಿ ಕಾಸ್ಕಂಡು ಬಂದಿದೀಯೇನವ್ವ?”

ಮಾತು ಚುಚ್ಚಿತು. ಆದರೂ ಅವಳು ಕೈ ತೆಗೆಯಲಿಲ್ಲ. “ಇಲ್ಲ ಮಾವ. ಬರಿಗೈ” ಎಂದಳು.

ಅವನು ಚಕ್ರ ಕೊಟ್ಟ. ಅವಳು ಮೊದಲು ಮಾಡಿದ ಕೆಲಸ ನೋಡಿ ಪಾಲಯ್ಯ ಎದ್ದೇ ನಿಂತುಬಿಟ್ಟ. ಅವನು ಬೆವರು ಸುರಿಸಿ ಹಾಕಿದ್ದ ಮುಕ್ಕಾಲು ಟೈರನ್ನೂ ಅವಳು ಕಿತ್ತು ಹೊರಗೆ ತೆಗೆದಳು. ನೂಲು ತಪ್ಪಿದ ಕಡೆಯಿಂದ ನೇಯ್ಗೆ ಬಿಚ್ಚಲು ಕಂಬಳಿಯವರು ಹಿಂದೆ ಮುಂದೆ ನೋಡುವುದಿಲ್ಲ, ಆ ಗುಣ ಅವಳಿಗೆ ರಕ್ತದಲ್ಲೇ ಬಂದದ್ದು. ಹೋಯ್ತಲ್ಲ ಎಂದು ರಂಗೇಶ್ ತನ್ನಷ್ಟಕ್ಕೆ ಅಂದುಕೊಂಡ, ಆದರೆ ಕೇಳಿಸುವ ಹಾಗೆ.

ಏಕನಾಥಮ್ಮ ಚಕ್ರವನ್ನು ತಿರುಗಿಸಿ, ವಾಲ್ವನ್ನು ತನ್ನ ಎದೆಯ ಕಡೆ ಇಟ್ಟುಕೊಂಡು, ಅದಕ್ಕೆ ಎದುರಾದ ತುದಿಯಿಂದ ಶುರು ಮಾಡಿದಳು; ವಾಲ್ವಿನ ಬುಡ ಅಡ್ಡ ಬರುವ ಕಡೆ ಅಂಚು ತಗ್ಗಿಗೆ ಇಳಿಯುವುದಿಲ್ಲ. ಟ್ಯೂಬಿಗೆ ಬಾಯಲ್ಲಿ ಊದಿದಷ್ಟು ಗಾಳಿ ಬಿಟ್ಟು ಒಳಗೆ ಮಲಗಿಸಿದಳು. ಅಂಚನ್ನು ಏರಿಸಿದ ಕಡೆಯಲ್ಲೆಲ್ಲ ಟೈರಿನ ಎರಡು ಕೆನ್ನೆಯನ್ನೂ ಸೇರಿಸಿ ಹಿಂಡಿ, ನಡುವಿನ ತಗ್ಗಿಗೆ ಇಳಿಸಿದಳು. ಎರಡೂ ಕೈ ಎರಡು ಕಡೆಯಿಂದ, ನೀವುತ್ತ, ನೂಕುತ್ತ, ಮೇಲಕ್ಕೆ ಬಂದವು. ಕೊನೆಯ ಗೇಣು ಬಂದಾಗ ಅವಳು ಅದನ್ನು ಮುಟ್ಟಲೇ ಇಲ್ಲ. ಮತ್ತೆ ಕೆಳಗಿನ ತುದಿಗೆ ಹೋದಳು, ಮತ್ತೆ ಸುತ್ತಲೂ ಹಿಂಡಿದಳು.

“ಬಿಗಿ ಇರೋ ಕಡೆ ಗುದ್ದಾಡಬಾರದು ಮಾವ” ಎಂದಳು, ಕಣ್ಣು ಚಕ್ರದಲ್ಲೇ ಇಟ್ಟು. “ಸಡಿಲ ಈ ತುದೀಲಿ ಐತೆ. ಅದನ್ನ ಮೆಲ್ಲಗ ಅಲ್ಲಿಗೆ ಕರ್ಕಂಡು ಹೋಗಬೇಕು.”

ಪಾಲಯ್ಯ ಬಗ್ಗಿ ನೋಡುತ್ತಿದ್ದ. ಗೇಣು ನಾಲ್ಕು ಬೆರಳಾಯಿತು. ನಾಲ್ಕು ಬೆರಳು ಮೂರಾಯಿತು. ಅವಳು ಅಂಗೈಯ ಬುಡವನ್ನು ಅಂಚಿಗೆ ಕೊಟ್ಟು, ರೊಟ್ಟಿ ತಟ್ಟುವವಳ ಕೈಯಲ್ಲಿ ಒಮ್ಮೆ ಹೊರಳಿಸಿದಳು. ಟಪ್ ಎಂದು ಟೈರು ಕೂತಿತು.

ಅವಳು ವಾಲ್ವನ್ನು ಒಮ್ಮೆ ಒಳಕ್ಕೆ ಒತ್ತಿ ಎಳೆದು, ಚಕ್ರವನ್ನು ಮಾವನ ಮುಂದೆ ಇಟ್ಟಳು. ಪಾಲಯ್ಯ ಎರಡೂ ಬದಿಗೆ ಬೆರಳಾಡಿಸಿ, ಒತ್ತಿ ಒತ್ತಿ, ಇಡೀ ಸುತ್ತು ನೋಡಿದ. ಎಲ್ಲಿಯೂ ಟ್ಯೂಬು ಕಚ್ಚಿರಲಿಲ್ಲ. ಈ ಸಲ ಅವನು ಹ್ಞೂಂ ಎನ್ನಲಿಲ್ಲ. ನೆಲದಲ್ಲಿ ಬಿದ್ದಿದ್ದ ಪಂಪನ್ನು ಎತ್ತಿಕೊಂಡ, ಅದರ ಕೊಳವೆಯನ್ನು ವಾಲ್ವಿಗೆ ಸಿಕ್ಕಿಸಿದ, ಎರಡೂ ಕೈಯಲ್ಲಿ ಹಿಡಿ ಹಿಡಿದು ಗಾಳಿ ಹೊಡೆಯತೊಡಗಿದ. ಆ ಅಂಗಡಿಯಲ್ಲಿ ಗಾಳಿ ಹೊಡೆಯುವುದು ಸೊಸೆಯ ಕೆಲಸ. ಏಕನಾಥಮ್ಮ ಬಿಡ್ರಿ ಮಾವ ಎಂದು ಪಂಪಿಗೆ ಕೈ ಚಾಚಿದಳು. ಅವನು ಬಿಡುವ ಹಾಗೆ ಕಾಣಲಿಲ್ಲ.

ಗಾಳಿ ತುಂಬಿ ಮುಗಿದಮೇಲೆ ಪಾಲಯ್ಯ ಉಸಿರು ತೆಗೆದುಕೊಂಡು ರಂಗೇಶ್ ಕಡೆ ತಿರುಗಿದ.

“ಟೇಪು ಸುತ್ತಿಟ್ಕಳಪ್ಪ” ಎಂದ. “ಅಂಗಡಿ ಖಾಲಿ ಇಲ್ಲ.”

ರಂಗೇಶ್ ಒಳ್ಳೆಯ ಹುಡುಗ, ಜಗಳಕ್ಕೆ ಬರಲಿಲ್ಲ. ಪರಮೇಶ್ವರಪ್ಪನವರು ಸೈಕಲ್ಲು ಹತ್ತಿ ಬಸ್ಸು ನಿಲ್ಲುವ ಜಾಗದ ತನಕ ಎರಡು ಸುತ್ತು ಹಾಕಿ, ಸಣ್ಣ ಹುಡುಗನ ಹಾಗೆ ಬೆಲ್ಲು ಬಾರಿಸಿಕೊಂಡು ಬಂದರು. ಯಜಮಾನರ ಕೈಗುಣ ದೊಡ್ಡದು ಎಂದರು. ನನ್ನ ಕೈಯಲ್ಲ, ನಮ್ಮ ಸೊಸೆಯ ಕೈ ಎಂದು ಪಾಲಯ್ಯ ಹೇಳಿದ್ದು ಏಕನಾಥಮ್ಮನಿಗೆ ಕೇಳಿಸಿತು. ಅವಳು ಪೆಟ್ಟಿಗೆ ಜೋಡಿಸುವ ನೆವದಲ್ಲಿ ಒಳಗೆ ಮುಖ ತಿರುಗಿಸಿಕೊಂಡಿದ್ದಳು. ಹೆಮ್ಮೆ ಪಡಬಾರದು ಅನ್ನುತ್ತಾರೆ ಹಿರಿಯರು. ಅವಳು ಪಟ್ಟಳು, ಕಂಠಪೂರ್ತಿ ಪಟ್ಟಳು. ಅಷ್ಟು ವರ್ಷ ಕಾದವಳು ಒಂದು ದಿನ ಪಡಬಾರದೇ?

ಕಥೆ ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಸೋಮವಾರ ಬೆಳಿಗ್ಗೆ ನಡೆದದ್ದನ್ನು ಹೇಳದಿದ್ದರೆ ಎತ್ತಪ್ಪ ನನ್ನನ್ನು ಬಿಡುವುದಿಲ್ಲ.

ಸೋಮವಾರ ಶಾಲೆಯ ಹೊತ್ತು, ಸೈಕಲ್ಲುಗಳು ಸಾಲುಗಟ್ಟಿದ್ದವು. ಏಕನಾಥಮ್ಮ ಒಬ್ಬಳೇ ಕೈತುಂಬ ಕೆಲಸ ಹಚ್ಚಿಕೊಂಡು ಕೂತಿದ್ದಳು. ಪಾಲಯ್ಯ ಬಂದಿರಲಿಲ್ಲ. ಸ್ವಲ್ಪ ಹೊತ್ತಿಗೆ ಬೀದಿಯ ತಿರುವಿನಲ್ಲಿ ಕಿರುಗುಟ್ಟುವ ಸದ್ದು ಕೇಳಿತು. ಅದು ಮಾವನ ಸೈಕಲ್ಲು ಎಂದು ಅವಳಿಗೆ ತಲೆ ಎತ್ತದೆಯೇ ಗೊತ್ತಾಯಿತು. ಆ ಹಳೆಯ ಸೈಕಲ್ಲನ್ನು ಅವನು ತನ್ನ ಮಗನಿಗೂ ಮುಟ್ಟಲು ಕೊಟ್ಟವನಲ್ಲ. ಹಿಂದಿನ ಟೈರು ಸವೆದು ಒಳಗಿನ ಬಟ್ಟೆ ಕಾಣುತ್ತಿತ್ತು, ಬದಲಾಯಿಸಿರಲಿಲ್ಲ. ಈಗ ಹ್ಯಾಂಡಲಿಗೆ ಹೊಸ ಟೈರೊಂದು ತೂಗುಬಿದ್ದಿತ್ತು.

ಪಾಲಯ್ಯ ಸೈಕಲ್ಲನ್ನು ಸಾಲಿನ ಕೊನೆಯಲ್ಲಿ ನಿಲ್ಲಿಸಿದ. ಒಳಗೆ ಬಂದು ಗೋಣಿಚೀಲದ ಮೇಲೆ ಕೂರಲಿಲ್ಲ. ಪಂಚೆ ಸರಿಮಾಡಿಕೊಂಡು, ಹೋಗಿ ಗಿರಾಕಿಗಳ ಕಲ್ಲಿನ ಮೇಲೆ ಕೂತ.

ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುತ್ತಿದ್ದ ಎತ್ತಪ್ಪ ಬ್ರೇಕು ಹಿಡಿದು ನಿಂತ. ತನ್ನ ಕಣ್ಣನ್ನು ತಾನೇ ನಂಬದವನಂತೆ ನೋಡಿದ. ಇದೇನು ಪಾಲಣ್ಣ, ಅಂಗಡಿಯ ಯಜಮಾನ ಗಿರಾಕಿ ಕಲ್ಲಿನ ಮೇಲೆ ಎಂದು ಕೇಳಿದ.

ಪಾಲಯ್ಯ ಗಂಟಲು ಸರಿಮಾಡಿಕೊಂಡ.

“ಮೇಸ್ತ್ರಿ ಕೆಲಸದಾಗೆ ಐದಾರೆ” ಎಂದ, ಎಲ್ಲರಿಗೂ ಕೇಳುವಂತೆ. “ನನ್ನ ಸರತಿ ಬರಲಿ ಅಂತ ಕಾಯ್ತಾ ಐದೀನಿ.”

ಐದಾರೆ ಅಂದ. ಸೊಸೆಗೆ, ಏನವ್ವ ಎಂದು ಕೂಗಿ ಕರೆಯುತ್ತಿದ್ದ ಏಕಮ್ಮನಿಗೆ, ಊರ ನಡುವೆ ಕೂತು, ಐದಾಳೆ ಅನ್ನದೆ, ಐದಾರೆ ಅಂದ. ಏಕನಾಥಮ್ಮನ ಕೈಯಲ್ಲಿದ್ದ ಚಕ್ರ ಹಾಗೇ ನಿಂತಿತು. ಕಣ್ಣು ಮಂಜಾಯಿತು, ಮೊಣಕೈಯಲ್ಲಿ ಒರೆಸಿಕೊಳ್ಳಲು ಹೋಗಿ ಕೆನ್ನೆಗೆ ಗ್ರೀಸು ಮೆತ್ತಿಕೊಂಡಳು. ಎದ್ದು ಹೋಗಿ ಮೊದಲು ಅವನ ಸೈಕಲ್ಲನ್ನೇ ಎತ್ತಿಕೊಳ್ಳಬೇಕು ಅನಿಸಿತು. ಆದರೆ ಮೇಸ್ತ್ರಿ ಎಂದಮೇಲೆ ಮೇಸ್ತ್ರಿಯ ಹಾಗೆಯೇ ಇರಬೇಕಲ್ಲ.

“ಕುಂತ್ಕಳ್ರಿ ಮಾವ” ಎಂದಳು. “ನಿಮಗಿಂತ ಮುಂದೆ ಇನ್ನೂ ಇಬ್ರು ಹುಡುಗೀರು ಐದಾರೆ.”

ಪಾಲಯ್ಯ ಆಗಲಿ ಎಂದು ತಲೆಯಾಡಿಸಿದ. ನಿಂತಿದ್ದ ಹುಡುಗಿಯರಿಗೆ ಜಾಗ ಬಿಟ್ಟು ಕಲ್ಲಿನ ಅಂಚಿಗೆ ಸರಿದು, ಎರಡೂ ಕೈಯನ್ನು ಮೊಣಕಾಲ ಮೇಲಿಟ್ಟುಕೊಂಡು ತನ್ನ ಸರತಿಗೆ ಕಾಯುತ್ತ ಕೂತ.